ಪಾಲಾರ್ ದಾರಿ ಬಿಟ್ಟಿತೆಂಬ ಕಥೆ

2025ರ ಜುಲೈ 2ರಂದು ರಾಜ್ಯದ ಸಚಿವ ಸಂಪುಟ ವಿಧಾನಸೌಧ ಬಿಟ್ಟು ನಂದಿ ಬೆಟ್ಟದ ಮೇಲೆ ಸಭೆ ಸೇರಿತು. ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ಒಪ್ಪಿದ್ದು ಅಲ್ಲಿಯೇ. ನಗರ ಬೆಟ್ಟದ ಕಡೆಗೆ ಬೆಳೆಯುತ್ತಿದೆ ಎಂಬುದು ಯಲಹಂಕ, ಹೆಬ್ಬಾಳದ ನಮಗೆ ಹೊಸ ಸುದ್ದಿಯೇನಲ್ಲ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ಬಳ್ಳಾರಿ ರಸ್ತೆಯ ಎರಡೂ ಬದಿಯ ಹೊಲಗಳು ಸೈಟುಗಳಾಗುವುದನ್ನು ನೋಡುತ್ತಲೇ ಬಂದಿದ್ದೇವೆ. ಆದರೂ ಇದರಲ್ಲೊಂದು ತಮಾಷೆ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಕಮಿಷನರುಗಳು ಮೈಸೂರನ್ನು ಆಳುತ್ತಿದ್ದಾಗ ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳನ್ನು ಒಟ್ಟುಮಾಡಿ ‘ನಂದಿದುರ್ಗ ವಿಭಾಗ’ ಎಂದು ಕರೆದಿದ್ದರು. ಆಗ ಬೆಂಗಳೂರು ಬೆಟ್ಟದ ಹೆಸರಿನಲ್ಲಿತ್ತು. ಈಗ ಬೆಟ್ಟದ ಬುಡದವರೆಗಿನ ನೆಲ ಬೆಂಗಳೂರಿನ ಹೆಸರಿಗೆ ಬಂದಿದೆ.

ಹೆಸರು ಯಾರದಾದರೂ ಇರಲಿ. ಬೆಟ್ಟವನ್ನು ಅದರ ಕೋಟೆಯಿಂದ, ಸೂರ್ಯೋದಯದಿಂದ, ಅದು ಯಾವ ಜಿಲ್ಲೆಗೆ ಸೇರಿದ್ದು ಎಂಬುದರಿಂದ ಅಳೆಯುವುದು ನಮಗೆ ರೂಢಿಯಾಗಿದೆ. ಅದರ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಅದೇ ಬೆಟ್ಟದ ಚರಿತ್ರೆ, ಐತಿಹ್ಯ ಎರಡೂ ಬೇರೆ ರೀತಿ ಅರ್ಥವಾಗುತ್ತವೆ. ಉತ್ತರ ಬೆಂಗಳೂರಿನವರಾದ ನಾವು ಅದಕ್ಕೆ ಎಷ್ಟು ಬಾಕಿ ಉಳಿಸಿಕೊಂಡಿದ್ದೇವೆ ಎಂಬುದೂ ಗೊತ್ತಾಗುತ್ತದೆ. ಈ ಲೇಖನದ ವಾದ ಅಷ್ಟೇ.

ಮೊದಲು ನೆಲದ ಮಾತು. ನಂದಿ ಒಂಟಿ ಬೆಟ್ಟವಲ್ಲ. ನಂದಿಗಿರಿ, ಬ್ರಹ್ಮಗಿರಿ, ಸ್ಕಂದಗಿರಿ, ಚೆನ್ನಗಿರಿ, ದಿವ್ಯಗಿರಿ ಎಂದು ಐದು ಹೆಸರು ಹೇಳಿ ಜನ ಇದನ್ನು ಪಂಚಗಿರಿ ಎನ್ನುತ್ತಾರೆ. ಸ್ಕಂದಗಿರಿ ಎಂದರೆ ಊರಿನವರ ಬಾಯಲ್ಲಿ ಕಳವಾರದ ಬೆಟ್ಟ. ಸುಮಾರು 900 ಮೀಟರ್ ಎತ್ತರದ ಬಯಲಿನಿಂದ ನಂದಿಯ ನೆತ್ತಿ 1,478 ಮೀಟರಿಗೆ ಏರುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಇದು. ಮೇಲಿನ ಮಣ್ಣು, ಮೆದು ಕಲ್ಲು ಕೊಚ್ಚಿಹೋಗಿ ಗಟ್ಟಿಯಾದದ್ದು ಮಾತ್ರ ನಿಂತಿದೆ. ನೆತ್ತಿಯ ಮೇಲೆ ಮಂಜಿನ ತೇವ ಕುಡಿದು ಬದುಕಿದ ಹಸಿರು ಕಾಡಿನ ಒಂದು ತುಣುಕು ಉಳಿದಿದೆ. ಪಶ್ಚಿಮ ಘಟ್ಟದ ಹಕ್ಕಿಯಾದ ನೀಲಗಿರಿ ಕಾಡುಪಾರಿವಾಳ ಘಟ್ಟದಿಂದ ಇಷ್ಟು ದೂರದ ಈ ತುಣುಕಿನಲ್ಲಿ ಕಾಣಸಿಗುತ್ತದೆ. ಪಕ್ಷಿವೀಕ್ಷಕರು ಬೆಳಗಿನ ಜಾವದಲ್ಲೇ ಬೆಟ್ಟ ಹತ್ತುವುದು ಇದಕ್ಕಾಗಿ, ಸೂರ್ಯನಿಗಾಗಿ ಅಲ್ಲ.

ಈ ಸಾಲಿನ ಆಸುಪಾಸಿನಲ್ಲಿ ಹುಟ್ಟುವ ನದಿಗಳ ಪಟ್ಟಿ ದೊಡ್ಡದು. ಅರ್ಕಾವತಿ ನಂದಿಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಯಿಂದ ಹೊಸೂರಿಗೆ ಇಳಿದು, ತಮಿಳುನಾಡಿನಲ್ಲಿ ತೆನ್‌ಪೆಣ್ಣೈ ಎನಿಸಿಕೊಂಡು, ಕೃಷ್ಣಗಿರಿ ಮತ್ತು ಸಾತನೂರು ಅಣೆಕಟ್ಟುಗಳನ್ನು ತುಂಬಿ ಕಡಲೂರಿನ ಹತ್ತಿರ ಸಮುದ್ರ ಸೇರುತ್ತದೆ. ಉತ್ತರ ಪಿನಾಕಿನಿ ಗೌರಿಬಿದನೂರಿನ ಮೇಲೆ ಹಾದು ರಾಯಲಸೀಮೆಯನ್ನೆಲ್ಲ ಸುತ್ತಿ ನೆಲ್ಲೂರಿನಲ್ಲಿ ಕೊನೆಗೊಳ್ಳುತ್ತದೆ. ಚಿತ್ರಾವತಿ, ಪಾಪಾಗ್ನಿ ಅದರ ಕೂಸುಗಳು. ಪಾಲಾರ್ ನದಿಯನ್ನೂ ನಂದಿಯ ಮಗಳೆಂದೇ ಹೇಳುವುದು ವಾಡಿಕೆ. ನಕ್ಷೆ ಹಿಡಿದು ನೋಡಿದರೆ ಅದು ಮೂಡಣಕ್ಕೆ ಸರಿದ ಎತ್ತರ ನೆಲದಲ್ಲಿ, ಚಿಂತಾಮಣಿ ಸೀಮೆಯ ತಲಗವಾರದ ಬಳಿ ಹುಟ್ಟುತ್ತದೆ. ಅದರ ಉದ್ದ 348 ಕಿಲೋಮೀಟರ್. ಅದರಲ್ಲಿ ಕರ್ನಾಟಕದಲ್ಲಿ 93, ಆಂಧ್ರದಲ್ಲಿ 33, ಉಳಿದ 222 ತಮಿಳುನಾಡಿನಲ್ಲಿ. ಇಷ್ಟು ನದಿಗಳಲ್ಲಿ ಒಂದೂ ಪಡುವಣಕ್ಕೆ ತಿರುಗುವುದಿಲ್ಲ. ಪ್ರಸ್ಥಭೂಮಿ ಮೂಡಣಕ್ಕೆ ವಾಲಿದೆ. ಹಾಗಾಗಿ ಕನ್ನಡದ ನೆತ್ತಿಯ ಮೇಲೆ ಬಿದ್ದ ಮಳೆ ತಮಿಳಿನ, ತೆಲುಗಿನ ಗದ್ದೆಗಳ ಕಡೆಗೆ ಹೋಗುತ್ತದೆ.

ಈಗ ಕಥೆಗೆ ಬರೋಣ. ಬೆಂಗಳೂರು ಕಟ್ಟಿದ ಕೆಂಪೇಗೌಡರ ವಂಶದವರನ್ನು ಯಲಹಂಕ ನಾಡಪ್ರಭುಗಳೆಂದು ಕರೆಯುತ್ತೇವೆ. ಅವರ ಮೂಲದ ಐತಿಹ್ಯ ಆರಂಭವಾಗುವುದು ಕಂಚಿಯ ಹತ್ತಿರದ ಒಂದು ಊರಿನಲ್ಲಿ. ಮೊರಸು ಒಕ್ಕಲಿಗರ ಮನೆಯ ಹೆಣ್ಣುಮಗಳು ದೊಡ್ಡಮ್ಮನನ್ನು ಬೇರೆ ಜಾತಿಯ ಬಲಾಢ್ಯನೊಬ್ಬ ಮದುವೆಗೆ ಕೇಳಿದ. ಕೊಡಲು ಮನಸ್ಸಿಲ್ಲ, ಇಲ್ಲವೆನ್ನಲು ಬಲವಿಲ್ಲ. ರಣಭೈರೇಗೌಡನ ಮುಂದಾಳುತನದಲ್ಲಿ ಮನೆಮಂದಿಯೆಲ್ಲ ರಾತ್ರೋರಾತ್ರಿ ಗಾಡಿ ಕಟ್ಟಿಕೊಂಡು ಹೊರಟರು. ಹಿಂದೆ ಅಟ್ಟಿಸಿಕೊಂಡು ಬರುವ ದಂಡು, ಮುಂದೆ ತುಂಬಿ ಹರಿಯುವ ಪಾಲಾರ್. ಗಂಗೆಯನ್ನು ಬೇಡಿಕೊಂಡಾಗ ನದಿ ಇಬ್ಭಾಗವಾಗಿ ದಾರಿ ಬಿಟ್ಟಿತು. ಇವರು ದಾಟಿದ ಮೇಲೆ ಮುಚ್ಚಿಕೊಂಡಿತು. ಅಲ್ಲಿಂದ ಬಂದು ನಂದಿಯ ಮೂಡಣಕ್ಕಿರುವ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಬಂಡಿ ನಿಲ್ಲಿಸಿದರು. ಆವತಿಯಲ್ಲಿ ನೆಲೆಯೂರಿದರು. ಏಳು ಮಂದಿ ಎಂದು ಕಥೆ ಲೆಕ್ಕ ಹೇಳುತ್ತದೆ. ಅವರಿಂದಲೇ ದೇವನಹಳ್ಳಿ, ಚಿಕ್ಕಬಳ್ಳಾಪುರ, ಯಲಹಂಕದ ಪಾಳೆಯಪಟ್ಟುಗಳು ಕವಲೊಡೆದವು. ಹದಿನಾಲ್ಕನೆಯ ಶತಮಾನದ ಕೊನೆಯ ಮಾತು ಇದು ಎನ್ನುತ್ತಾರೆ. ಹೇಳುವ ಬಾಯಿ ಬದಲಾದಂತೆ ವಿವರವೂ ಬದಲಾಗುತ್ತದೆ. ಕಂಚಿ, ಪಾಲಾರ್, ಆವತಿ ಮೂರು ಮಾತ್ರ ಬದಲಾಗುವುದಿಲ್ಲ.

ಇದೇ ಪಾಲಾರಿನ ಆಚೆ ದಂಡೆಯ ಇನ್ನೊಂದು ಕಥೆಯನ್ನು ಪಕ್ಕದಲ್ಲಿಟ್ಟು ಓದಬೇಕು. ತಮಿಳುನಾಡಿನ ಜವಾದಿ ಬೆಟ್ಟಗಳು ಪಾಲಾರ್ ಮತ್ತು ತೆನ್‌ಪೆಣ್ಣೈ ಕಣಿವೆಗಳ ನಡುವೆ ನಿಂತಿವೆ. ಅಲ್ಲಿನ ನಿವಾಸಿಗಳಾದ ಮಲೆಯಾಳಿ ಬುಡಕಟ್ಟಿನವರ ಹೆಸರಿಗೆ ಕೇರಳದ ಸಂಬಂಧವಿಲ್ಲ. ಅವರು ಮಲೆಯಲ್ಲಿ ಬಾಳುವವರು. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಅವರು ಹೇಳಿಕೊಳ್ಳುವ ಮೂಲ ದಾಖಲಾಗಿದೆ. ಕಂಗುಂದಿಯ ಬೇಡರು ಕಂಚಿಯ ವೆಳ್ಳಾಳರ ಹೆಣ್ಣು ಕೇಳಿದರು. ವೆಳ್ಳಾಳರು ಹೀಯಾಳಿಸಿ ಕಳಿಸಿದರು. ಬೇಡರು ಏಳು ಹೆಣ್ಣುಮಕ್ಕಳನ್ನು ಹೊತ್ತೊಯ್ದರು. ಬಿಡಿಸಿ ತರಲು ಏಳು ಗಂಡಸರು ಏಳು ನಾಯಿಗಳೊಂದಿಗೆ ಹೊರಟರು. ನಾಯಿಗಳಷ್ಟೇ ಹಿಂದಿರುಗಿದರೆ ನಾವು ಸತ್ತೆವೆಂದು ತಿಳಿಯಿರಿ ಎಂದು ಹೆಂಡಂದಿರಿಗೆ ಹೇಳಿ ಹೋದರು. ಪಾಲಾರ್ ತುಂಬಿತ್ತು. ನಾಯಿಗಳು ಅರ್ಧ ಹೊಳೆ ಈಜಿ ಹೆದರಿ ಮನೆಗೆ ತಿರುಗಿದವು. ಗಂಡಸರು ದಾಟಿಹೋಗಿ, ಬೇಡರನ್ನು ಕೊಂದು ಮರಳಿ ಬರುವಷ್ಟರಲ್ಲಿ ಮನೆಯಲ್ಲಿ ಅವರ ತಿಥಿಯೇ ಮುಗಿದಿತ್ತು, ಹೆಂಡಂದಿರು ವಿಧವೆಯರಾಗಿದ್ದರು. ಸತ್ತವರಿಗೆ ಊರಿನಲ್ಲಿ ಜಾಗವಿಲ್ಲ. ಬೇಡರ ಹೆಣ್ಣುಗಳನ್ನೇ ಮದುವೆಯಾಗಿ ಜವಾದಿ ಬೆಟ್ಟ ಹತ್ತಿದರು. ಸೇಲಂ ಕಡೆಯ ಸೇರ್ವರಾಯನ್ ಮತ್ತು ಕೊಲ್ಲಿ ಬೆಟ್ಟಗಳ ಮಲೆಯಾಳಿಗಳೂ ಕಂಚಿಯಿಂದ ತಮ್ಮ ದೇವರು ಕರಿರಾಮನನ್ನು ಹೊತ್ತು ಬಂದವರೆಂದೇ ಹೇಳಿಕೊಳ್ಳುತ್ತಾರೆ.

ಆವತಿಯ ಕಥೆಗೂ ಜವಾದಿಯ ಕಥೆಗೂ ಎಷ್ಟು ಸಾಮ್ಯ ನೋಡಿ. ಎರಡರಲ್ಲೂ ಕಂಚಿ, ಎರಡರಲ್ಲೂ ಕೇಳಬಾರದವರು ಕೇಳಿದ ಹೆಣ್ಣು, ಎರಡರಲ್ಲೂ ಏಳರ ಸಂಖ್ಯೆ, ತುಂಬಿದ ಪಾಲಾರ್, ಕೊನೆಗೆ ಬೆಟ್ಟ. ಒಂದು ಕಡೆ ಓಡಿಬಂದವರು ಪ್ರಭುಗಳಾದರು, ಇನ್ನೊಂದು ಕಡೆ ಬುಡಕಟ್ಟಾದರು. ಒಂದು ಕಥೆಯ ನಾಯಕರ ವಂಶದವನಿಗೆ 2022ರಲ್ಲಿ ವಿಮಾನ ನಿಲ್ದಾಣದ ಬಳಿ 108 ಅಡಿಯ ಪ್ರತಿಮೆ ಎದ್ದಿತು. ಇನ್ನೊಂದು ಕಥೆಯ ಮಕ್ಕಳು ಜವಾದಿಯ ಮೇಲೆ ಸಾಮೆ ಬೆಳೆಯುತ್ತಾರೆ.

ಇಂಥ ಕಥೆಯನ್ನು ಇಬ್ಬರು ಕೆಡಿಸುತ್ತಾರೆ. ಮೊದಲನೆಯವರು ಇದನ್ನೇ ಚರಿತ್ರೆಯೆಂದು ಹಿಡಿದುಕೊಂಡು, ಕೆಂಪೇಗೌಡರು ತಮಿಳರೋ ತೆಲುಗರೋ ಕನ್ನಡಿಗರೋ ಎಂದು ಜಗಳ ತೆಗೆಯುವವರು. ಹದಿನಾಲ್ಕನೆಯ ಶತಮಾನದ ಬಂಡಿಯಲ್ಲಿ ಕೂತವರಿಗೆ 1956ರ ರಾಜ್ಯಗಳ ಗುರುತಿನ ಚೀಟಿ ಹಂಚುವ ಕೆಲಸ ಇದು. ಇದರಿಂದ ಯಾರಿಗೂ ಏನೂ ದಕ್ಕುವುದಿಲ್ಲ. ಎರಡನೆಯವರು ವಿದ್ಯಾವಂತರು. ಕಂಚಿಯಿಂದ ಬಂದೆವು ಎನ್ನುವುದು ದಕ್ಷಿಣದ ಹತ್ತಾರು ಜಾತಿಗಳ ಹಳೆಯ ಹೆಚ್ಚುಗಾರಿಕೆ, ಕಂಚಿ ಎಂದರೆ ಘನತೆ, ಉಳಿದದ್ದೆಲ್ಲ ಕಟ್ಟುಕಥೆ ಎಂದು ಕೈತೊಳೆದುಕೊಳ್ಳುತ್ತಾರೆ. ಇವರ ಮಾತಿನಲ್ಲಿ ಅರ್ಧ ನಿಜವಿದೆ. ಕಂಚಿಯ ಹೆಸರು ಘನತೆಗಾಗಿ ಸೇರಿರಬಹುದು. ಆದರೆ ಪಾಲಾರ್ ಯಾಕೆ? ಘನತೆ ಹೇಳಿಕೊಳ್ಳಲು ತುಂಬಿದ ಹೊಳೆ ಬೇಕಾಗಿಲ್ಲ. ಊರು ಬಿಟ್ಟು ಬಂದೆವು ಎಂದರೆ ಸಾಕಿತ್ತು.

ಹೊಳೆ ಕಥೆಯಲ್ಲಿ ಬಂದದ್ದು ಅದು ದಾರಿಯಲ್ಲಿ ಇದ್ದುದರಿಂದ. ಕಂಚಿಯ ಬಯಲಿನಿಂದ ಮೈಸೂರು ಪ್ರಸ್ಥಭೂಮಿಗೆ ಹತ್ತಲು ಪಾಲಾರ್ ಕಣಿವೆಯಷ್ಟು ಸಲೀಸಾದ ದಾರಿ ಕಡಿಮೆ. ಇಂದಿಗೂ ಚೆನ್ನೈ–ಬೆಂಗಳೂರು ರೈಲು ವೆಲ್ಲೂರು, ಆಂಬೂರು, ವಾಣಿಯಂಬಾಡಿ ಎಂದು ಆ ಕಣಿವೆಯನ್ನೇ ಹಿಡಿದು ಬಂದು, ಜೋಲಾರಪೇಟೆ, ಕುಪ್ಪಂ ದಾಟಿ ಬಂಗಾರಪೇಟೆಗೆ ಮೇಲೇರುತ್ತದೆ. ಸಾವಿರ ವರ್ಷದ ಹಿಂದೆ ಚೋಳರೂ ಮೂಡಣದಿಂದಲೇ ಈ ಸೀಮೆಗೆ ಏರಿ ಬಂದರು; ಕೋಲಾರ ಸೀಮೆಗೆ ನಿಗರಿಲಿ ಚೋಳಮಂಡಲ ಎಂದು ಹೆಸರಿಟ್ಟರು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಕೋಲಾರ ಸಂಪುಟವನ್ನು ತೆರೆದರೆ ಕನ್ನಡ ಶಾಸನಗಳ ಜೊತೆಯಲ್ಲೇ ತಮಿಳು ಶಾಸನಗಳು ಸಾಲುಗಟ್ಟಿ ನಿಂತಿವೆ. ಕಥೆ ಹೇಳಿದವರಿಗೆ ಈ ಶಾಸನಗಳ ಓದು ಇರಲಿಲ್ಲ. ನೀರಿನ ದಾರಿಯೇ ಜನರ ದಾರಿ ಎಂಬುದು ಮಾತ್ರ ನೆನಪಿತ್ತು. ಆವತಿಗೆ ಬಂದವರು ಹೊಳೆಯ ಬಾಯಿಯ ಕಡೆಯಿಂದ ಹೊರಟು ಅದರ ತಲೆಯ ಹತ್ತಿರ ಬಂದು ನಿಂತವರು. ಐತಿಹ್ಯದಲ್ಲಿ ನಾನು ನಂಬುವುದು ಇಷ್ಟನ್ನೇ, ಇದಕ್ಕಿಂತ ಕಡಿಮೆಯೂ ಅಲ್ಲ.

ಬೆಟ್ಟದ ದೇವರುಗಳ ಕಥೆಯೂ ನೀರಿನ ಕಡೆಗೇ ಬೊಟ್ಟು ಮಾಡುತ್ತದೆ. ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ, ನೆತ್ತಿಯಲ್ಲಿ ಯೋಗನಂದೀಶ್ವರ. ಕೆಳಗಿನವನಿಗೆ ಮದುವೆ, ತೇರು, ಹಬ್ಬ. ಮೇಲಿನವನು ವಿರಾಗಿ, ಅವನಿಗೆ ಉತ್ಸವವಿಲ್ಲ. ಗುಡಿಯ ಹಳಮೆ 806ರ ಸುಮಾರಿನ ನೊಳಂಬ ಶಾಸನದವರೆಗೆ ಹೋಗುತ್ತದೆ; ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಕಟ್ಟುತ್ತ ಬಂದರು. ಭೋಗನಂದೀಶ್ವರನ ಪಕ್ಕದಲ್ಲೇ ಅರುಣಾಚಲೇಶ್ವರ ಇದ್ದಾನೆ. ಅರುಣಾಚಲ ಎಂದರೆ ತಿರುವಣ್ಣಾಮಲೈ. ಇಲ್ಲಿಂದ ಹೊರಟ ಪಿನಾಕಿನಿ ಸಾತನೂರಿನಲ್ಲಿ ನಿಲ್ಲುವುದು ಆ ತಿರುವಣ್ಣಾಮಲೈ ಜಿಲ್ಲೆಯಲ್ಲೇ. ನದಿಗಾಗಿಯೇ ಆ ಹೆಸರಿಟ್ಟರು ಎಂದು ನಾನು ಹೇಳುತ್ತಿಲ್ಲ. ಗುಡಿ ಕಟ್ಟಿದವರ ಲೋಕದಲ್ಲಿ ಈ ಎರಡು ಬೆಟ್ಟಗಳು ಒಂದೇ ನಾಡಿನೊಳಗಿದ್ದವು ಎನ್ನುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಗುಡಿಯ ಕಲ್ಯಾಣಿಗೆ ಶೃಂಗಿತೀರ್ಥವೆಂದು ಹೆಸರು. ನಂದಿ ತನ್ನ ಕೊಂಬನ್ನು ನೆಲಕ್ಕೆ ಊರಿ ಗಂಗೆಯನ್ನು ಮೇಲೆಬ್ಬಿಸಿದ, ಅದೇ ದಕ್ಷಿಣ ಪಿನಾಕಿನಿಯಾಯಿತು ಎಂದು ಸ್ಥಳಪುರಾಣ. ಬೆಂಗಳೂರಿನೊಳಗೂ ಇದೇ ಕಲ್ಪನೆ ಇದೆ: ವೃಷಭಾವತಿಯನ್ನು ಬಸವನಗುಡಿಯ ದೊಡ್ಡಬಸವನ ಪಾದದಿಂದ ಹರಿಸಿದ್ದಾರೆ, ಮಲ್ಲೇಶ್ವರದ ನಂದಿತೀರ್ಥದಲ್ಲಿ ನೀರು ಬಸವನ ಬಾಯಿಂದಲೇ ಲಿಂಗದ ಮೇಲೆ ಬೀಳುತ್ತದೆ. ತಮಿಳಿನ ಏರ್ಕಾಡಿನಲ್ಲಿ ಬೆಟ್ಟದ ದೇವರಾದ ಸೇರ್ವರಾಯನ್ ಜೊತೆ ಪೂಜೆಗೊಳ್ಳುವವಳು ಕಾವೇರಿಯಮ್ಮ. ಬೆಟ್ಟದ ದೇವರಿಗೆ ನೀರಿನ ನಂಟು ತಪ್ಪಿದ್ದೇ ಇಲ್ಲ.

ಈ ನಂಟನ್ನು ಮರೆತದ್ದು ಬರೆದಿಟ್ಟ ಚರಿತ್ರೆ. ಬಂದವರೆಲ್ಲ ಬೆಟ್ಟಕ್ಕೊಂದು ಉಪಯೋಗ ಕಂಡುಕೊಂಡರು. ಚಿಕ್ಕಬಳ್ಳಾಪುರದ ಪಾಳೆಯಗಾರರಿಗೆ ಅದು ಆಸರೆ. ಹೈದರ್, ಟಿಪ್ಪು ಅದನ್ನು ಗೆಲ್ಲಲಾಗದ ಕೋಟೆಯಾಗಿಸಿದರು. ಮೂರು ವಾರದ ಮುತ್ತಿಗೆಯ ನಂತರ 1791ರ ಅಕ್ಟೋಬರ್ 19ರಂದು ಅದು ಬ್ರಿಟಿಷರ ಕೈಸೇರಿತು. ಕಮಿಷನರ್ ಕಬ್ಬನ್ ಸಾಹೇಬರಿಗೆ ಬೇಸಿಗೆಯ ಬಂಗಲೆ. ಗಾಂಧೀಜಿ ಆರೋಗ್ಯ ಕೆಟ್ಟು 1927ರಲ್ಲಿ ಬಂದಿದ್ದರು, 1936ರಲ್ಲಿ ಮತ್ತೆ ಬಂದರು. 1986ರಲ್ಲಿ ಸಾರ್ಕ್ ಶೃಂಗಸಭೆಗೆ ಬಂದ ನಾಯಕರನ್ನು ಇಲ್ಲಿಗೆ ಕರೆತಂದರು. ಈಗ ವಾರಾಂತ್ಯದ ವಾಹನದ ಸಾಲು. 2021ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಬೆಟ್ಟದ ರಸ್ತೆಯೇ ಕೊಚ್ಚಿಹೋಯಿತು. ಅದಾಗಿ ಎರಡು ವರ್ಷ ತುಂಬುವ ಮೊದಲೇ 2023ರಲ್ಲಿ ರೋಪ್‌ವೇಗೆ ಶಂಕುಸ್ಥಾಪನೆ ನಡೆಯಿತು. ಎತ್ತರ, ತಂಪು, ನೋಟ ಎಂದು ಎಲ್ಲರೂ ಬೆಟ್ಟದಿಂದ ಏನನ್ನೋ ಪಡೆದರು. ಬೆಟ್ಟದ ಕಸುಬು ನೀರು ಹಿಡಿದು ಬಿಡುವುದು ಎಂಬುದನ್ನು ಯಾರೂ ಕಡತದಲ್ಲಿ ಬರೆಯಲಿಲ್ಲ.

ಬರೆದ ಕಡತವೊಂದಿದೆ, ಆದರೆ ಅದು ಬೇರೆಯದೇ ಲೆಕ್ಕ. 1892ರಲ್ಲಿ ಮದ್ರಾಸ್ ಸರ್ಕಾರ ಮತ್ತು ಮೈಸೂರು ಸಂಸ್ಥಾನದ ನಡುವೆ ಒಪ್ಪಂದವಾಯಿತು. ಮದ್ರಾಸನ್ನು ಕೇಳದೆ ಮೈಸೂರು ಯಾವ ಯಾವ ನದಿಗಳಿಗೆ ಹೊಸ ನೀರಾವರಿ ಕಟ್ಟೆ ಕಟ್ಟುವಂತಿಲ್ಲ ಎಂಬ ಪಟ್ಟಿಯಲ್ಲಿ ಕಾವೇರಿ, ತುಂಗಭದ್ರೆಯರ ಜೊತೆ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಎಲ್ಲವೂ ಇವೆ. ಪಟ್ಟಿಯ ಹದಿನೈದು ಹೆಸರುಗಳಲ್ಲಿ ಐದು ನಂದಿಯ ಸುತ್ತಿನವು. ಅಂದಿನಿಂದ ಇಂದಿನವರೆಗೂ ಎರಡೂ ರಾಜ್ಯಗಳ ವ್ಯಾಜ್ಯ ಆ ಕಟ್ಟೆಗಳ ಸುತ್ತಲೇ ಸುತ್ತುತ್ತಿದೆ. ಕೋಲಾರ ಜಿಲ್ಲೆಯ ಯರಗೋಳ್ ಬಳಿ ದಕ್ಷಿಣ ಪಿನಾಕಿನಿಯ ಉಪನದಿ ಮಾರ್ಕಂಡೇಯಕ್ಕೆ ಕರ್ನಾಟಕ ಅಣೆಕಟ್ಟು ಕಟ್ಟಿದಾಗ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ನವೆಂಬರಿನಲ್ಲಿ ಅದರ ಕೋರಿಕೆ ಬಿದ್ದುಹೋಯಿತು. ಗೆದ್ದೆವೆಂದು ನಮ್ಮವರು, ಅನ್ಯಾಯವೆಂದು ಅವರು.

ಕಟ್ಟೆಯನ್ನು ತಡೆಯಲು 1892ರಲ್ಲೇ ಕಾಗದ ಇತ್ತು. ಕೊಳವೆಬಾವಿಯನ್ನು ತಡೆಯುವ ಕಾಗದವನ್ನು ಯಾರೂ ಬರೆಯಲಿಲ್ಲ. ನದಿಗಳು ಬತ್ತಿದ್ದು ಅಲ್ಲಿ. ಈ ಸೀಮೆಯ ಕಲ್ಲಿನಲ್ಲಿ ನೀರು ನಿಲ್ಲುವುದು ಮುಖ್ಯವಾಗಿ ಮೇಲ್ಪದರದ ಕೊಳೆತ ಕಲ್ಲಿನಲ್ಲಿ. ಆಳಕ್ಕೆ ಹೋದಂತೆ ಬಿರುಕುಗಳಲ್ಲಿ ಅಷ್ಟಿಷ್ಟು. ಮೇಲ್ಪದರ ತುಂಬಿದ್ದಾಗ ಅದು ಒಸರಿ ಒಸರಿ ಹಳ್ಳವಾಗುತ್ತದೆ, ಮಳೆ ನಿಂತು ತಿಂಗಳುಗಳಾದರೂ ಹೊಳೆ ಹರಿಯುತ್ತದೆ. ಕೊಳವೆಬಾವಿ ಅದನ್ನು ಬರಿದು ಮಾಡಿದರೆ ಹೊಳೆಯ ಬೇರೇ ಒಣಗಿದಂತೆ. ಚಿಕ್ಕಬಳ್ಳಾಪುರ, ಕೋಲಾರಗಳಲ್ಲಿ ಸಾವಿರ ಅಡಿ ದಾಟಿದ ಬಾವಿಗಳು ಈಗ ಮಾಮೂಲು. ಆ ಆಳದ ನೀರಿನಲ್ಲಿ ಫ್ಲೋರೈಡ್ ಬೇರೆ. ಜಕ್ಕೂರಿನ ಬಳಿಯ ಏಟ್ರೀ ಸಂಸ್ಥೆಯ ಸಂಶೋಧಕರು ಅರ್ಕಾವತಿ ಏಕೆ ಒಣಗುತ್ತಿದೆ ಎಂದು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ ವರದಿ ಇದನ್ನೇ ಹೇಳಿತು: ಮಳೆ ಕಡಿಮೆಯಾದದ್ದು ಕಾರಣವಲ್ಲ, ಅಂತರ್ಜಲವನ್ನು ಎತ್ತಿದ್ದು ಮತ್ತು ನೀಲಗಿರಿ ತೋಪುಗಳು ಮುಖ್ಯ ಕಾರಣ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆ ಹೊತ್ತಿಗೆ ನದಿ ಬತ್ತಿ ಆಗಿತ್ತು. ಭಾರತಕ್ಕೆ ಮೊದಲ ನೀಲಗಿರಿ ಗಿಡಗಳು ಬಂದದ್ದು ಟಿಪ್ಪುವಿನ ನಂದಿಯ ತೋಟಕ್ಕೆ ಎಂಬ ಪ್ರತೀತಿ ಇದೆ. ನಿಜವಿದ್ದರೆ ಬೆಟ್ಟಕ್ಕೆ ಅದು ದುಬಾರಿಯಾದ ಉಡುಗೊರೆ.

ಇಷ್ಟರಲ್ಲಿ ಬೆಂಗಳೂರು ಎಲ್ಲಿ ಬಂತು ಎಂದು ಕೇಳಬಹುದು. ಈ ನಗರಕ್ಕೆ ಕೊಳಾಯಿ ನೀರು ಮೊದಲು ಬಂದದ್ದೇ ನಂದಿಯಿಂದ. 1894ರಲ್ಲಿ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ ನೀರು ತಂದರು. ಅದು ಸಾಲದೆ 1933ರಲ್ಲಿ ಅದೇ ನದಿಗೆ ಕೆಳಗೆ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯವಾಯಿತು. ಕಾವೇರಿಯ ಮೊದಲ ಹಂತ ಬಂದದ್ದು 1974ರಲ್ಲಿ. ಅಲ್ಲಿಯವರೆಗೆ ಎಂಬತ್ತು ವರ್ಷ ಈ ನಗರ ಕುಡಿದದ್ದು ಅರ್ಕಾವತಿಯನ್ನು. ಕಾವೇರಿ ಬಂದ ಮೇಲೆ ಅರ್ಕಾವತಿಯ ಜಲಾನಯನ ಬೇಡವಾಯಿತು. 2003ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ಕಾಪಾಡಲು ಸರ್ಕಾರ ಅಧಿಸೂಚನೆ ಹೊರಡಿಸಿತು, ಆಮೇಲೆ ಅದೇ ಸರ್ಕಾರದ ವ್ಯವಸ್ಥೆ ಅದನ್ನು ಸಡಿಲಿಸುತ್ತ ಬಂತು.

ಹೆಬ್ಬಾಳ, ಆರ್.ಟಿ. ನಗರ, ನಾಗವಾರಗಳ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಬಡಾವಣೆಗಳಲ್ಲಿ ಕೇಳಿ ನೋಡಿ. ರಾಜಕಾಲುವೆಗೆ ಎಂಬಲ್ಲಿಗೆ ಉತ್ತರ ನಿಲ್ಲುತ್ತದೆ. ರಾಜಕಾಲುವೆ ಎಲೆಮಲ್ಲಪ್ಪ ಶೆಟ್ಟಿ ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಯಲಹಂಕ, ಜಕ್ಕೂರು, ರಾಚೇನಹಳ್ಳಿ ಕೆರೆಗಳ ಸರಪಳಿಯ ಕೋಡಿ ನೀರೂ ಅಲ್ಲಿಗೇ. ಪೀಣ್ಯದ ಕಡೆಯದು ವೃಷಭಾವತಿಯಾಗಿ ಅರ್ಕಾವತಿಗೆ. ಅಂದರೆ ಉತ್ತರ ಬೆಂಗಳೂರು ನಂದಿಯ ನದಿಗಳ ಮಡಿಲಲ್ಲೇ ಕೂತಿದೆ. ಬಚ್ಚಲ ನೀರನ್ನು ಅವುಗಳಿಗೇ ಬಿಡುತ್ತಿದೆ. ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನಿಂದ ಆಳೆತ್ತರದ ಬಿಳಿ ನೊರೆ ಎದ್ದು ಸೇತುವೆ ಮುಚ್ಚಿದ ಚಿತ್ರಗಳು ಆಗಾಗ ಪತ್ರಿಕೆಯಲ್ಲಿ ಬರುತ್ತವೆ. ಆ ನೊರೆಯಲ್ಲಿ ನಮ್ಮ ಮನೆಯ ಸೋಪಿನ ಪಾಲೂ ಇದೆ. ತಮಿಳುನಾಡು ನೀರು ಕೇಳುತ್ತದೆ ಎಂದು ನಾವು ರಸ್ತೆಗಿಳಿಯುವುದುಂಟು. ಈ ನೀರನ್ನು ಮಾತ್ರ ಯಾವ ನ್ಯಾಯಮಂಡಳಿಯ ಆದೇಶವೂ ಇಲ್ಲದೆ ದಿನಾ ಕಳಿಸುತ್ತಿದ್ದೇವೆ.

ನ್ಯಾಯವಾಗಿ ಹೇಳಬೇಕೆಂದರೆ, ಕೆಳಗಿನವರ ಕೈಯೂ ಶುದ್ಧವಿಲ್ಲ. ಪಾಲಾರನ್ನು ವಾಣಿಯಂಬಾಡಿ, ಆಂಬೂರು, ರಾಣಿಪೇಟೆಯ ಚರ್ಮ ಹದಮಾಡುವ ಕಾರ್ಖಾನೆಗಳು ಕೆಡಿಸಿದ ಪ್ರಕರಣವೇ 1996ರಲ್ಲಿ ಸುಪ್ರೀಂ ಕೋರ್ಟಿನ ಪ್ರಸಿದ್ಧ ವೆಲ್ಲೂರು ತೀರ್ಪಾಯಿತು. ಕೆಡಿಸಿದವರೇ ದಂಡ ತೆರಬೇಕು ಎಂಬ ತತ್ತ್ವಕ್ಕೆ ನಮ್ಮ ದೇಶದಲ್ಲಿ ಬೇರು ಸಿಕ್ಕಿದ್ದು ಈ ನದಿಯ ದಂಡೆಯಲ್ಲಿ. ಮರಳು ದಂಧೆಯೂ ಕಡಿಮೆ ಮಾಡಿಲ್ಲ. 2021ರ ನವೆಂಬರಿನಲ್ಲಿ ಪಾಲಾರ್ ದಂಡೆ ಮೀರಿ ಹರಿದಾಗ ವೆಲ್ಲೂರಿನ ಎಳೆಯರಿಗೆ ತಮ್ಮ ಊರಿನಲ್ಲಿ ಹೊಳೆಯೊಂದು ಇದೆಯೆಂದು ಗೊತ್ತಾಯಿತು. ಯಾರ ಕೈಯಲ್ಲಿ ಎಷ್ಟು ಕೊಳೆ ಎಂದು ಎರಡು ರಾಜ್ಯಗಳೂ ಲೆಕ್ಕ ಹಾಕುತ್ತ ಕೂತರೆ ಕಾಲ ಸಾಕಾಗುವುದಿಲ್ಲ. ಮೊದಲು ಮೇಲಿರುವವರು ಸರಿಮಾಡಬೇಕು. ಹೊಳೆ ಮೇಲಿನಿಂದ ಹರಿಯುತ್ತದೆ, ಅಷ್ಟೇ ಕಾರಣ.

ನಮಗಿಂತ ಮೇಲಿರುವ ನಂದಿಯ ಸುತ್ತಲಿನವರಿಗೆ ನಾವು ಮಾಡಿರುವುದಾದರೂ ಏನು? ಆರು ನದಿಗಳ ತವರಿಗೆ ಕುಡಿಯುವ ನೀರು ಕೊಡಲು ಪಶ್ಚಿಮ ಘಟ್ಟದ ಹಳ್ಳಗಳನ್ನು ತಿರುಗಿಸುವ ಎತ್ತಿನಹೊಳೆ ಯೋಜನೆ ಬಂತು. 24 ಟಿಎಂಸಿ ನೀರಿನ ಆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆ ನಡೆದದ್ದು ನಂದಿಯ ಬುಡದ ಮುದ್ದೇನಹಳ್ಳಿಯಲ್ಲಿ, ವಿಶ್ವೇಶ್ವರಯ್ಯನವರು ಹುಟ್ಟಿದ ಊರಿನಲ್ಲಿ. ಇನ್ನೊಂದು ಯೋಜನೆ ನಮ್ಮದೇ ಬಡಾವಣೆಗಳಿಂದ ಹೊರಡುತ್ತದೆ. ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ, ದಿನಕ್ಕೆ 21 ಕೋಟಿ ಲೀಟರಿನಂತೆ ಪಂಪು ಮಾಡಿ, ಬೆಂಗಳೂರಿನ ಉತ್ತರದ ಊರುಗಳ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಯ 65 ಕೆರೆಗಳನ್ನು ತುಂಬಿಸುವ ಎಚ್‌.ಎನ್. ವ್ಯಾಲಿ ಯೋಜನೆ ಅದು. ನೀರು ಈಗ ಬೆಟ್ಟದ ಕಡೆಗೆ ಏರುತ್ತಿದೆ, ವಿದ್ಯುತ್ತಿನ ಬಲದಿಂದ.

ಈ ಯೋಜನೆಯನ್ನು ನಾನು ಹಳಿಯುವುದಿಲ್ಲ. ಒಣಗಿ ಬಿರುಕುಬಿಟ್ಟ ಕೆರೆಯಲ್ಲಿ ನೀರು ಕಂಡವರ ಸಂತೋಷವನ್ನು ಪೇಟೆಯಲ್ಲಿ ಕೂತು ಅಳೆಯುವುದು ತಪ್ಪು. ಬತ್ತಿದ ಬಾವಿಗಳಲ್ಲಿ ನೀರು ಮೇಲೆ ಬಂದಿದೆ ಎಂದು ಹೇಳುವ ರೈತರೂ ಇದ್ದಾರೆ. ಆದರೆ ಈ ನೀರನ್ನು ಶುದ್ಧೀಕರಿಸುವುದು ಎರಡು ಹಂತದಲ್ಲಿ ಮಾತ್ರ. ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಚಿಕ್ಕಬಳ್ಳಾಪುರ, ಕೋಲಾರದ ರೈತಸಂಘಟನೆಗಳು ವರ್ಷಗಳಿಂದ ಕೇಳುತ್ತಿವೆ. ಕೊಡುವವರ ಉತ್ತರ ಒಂದೇ: ಖರ್ಚು ಹೆಚ್ಚು. ಕೆರೆಯಲ್ಲಿ ಇಂಗಿದ ಈ ನೀರು ನಾಳೆ ಕೊಳವೆಬಾವಿಯ ಮೂಲಕ ತಟ್ಟೆಗೂ ಲೋಟಕ್ಕೂ ಬರುತ್ತದೆ. ಅಲ್ಲಿ ಬೆಳೆದ ದ್ರಾಕ್ಷಿ, ಟೊಮೇಟೊ, ಸೊಪ್ಪು ಯಶವಂತಪುರದ ಯಾರ್ಡಿಗೂ ಯಲಹಂಕದ ಸಂತೆಗೂ ಬರುತ್ತವೆ. ಇಂಗಿ ಉಳಿದದ್ದು ಪಿನಾಕಿನಿ, ಪಾಲಾರುಗಳ ದಾರಿ ಹಿಡಿಯುತ್ತದೆ. ಖರ್ಚು ಹೆಚ್ಚು ಎಂದವರು ಯಾರ ಖರ್ಚು ಎಂದು ಹೇಳಿಲ್ಲ.

ಬೆಟ್ಟಕ್ಕೆ ರೋಪ್‌ವೇ ಬೇಕೋ ಬೇಡವೋ ಎಂದು ಬೇಕಾದಷ್ಟು ಚರ್ಚೆ ನಡೆಯಲಿ. ನನಗೆ ಅದಕ್ಕಿಂತ ಮುಖ್ಯವಾದ ಎರಡು ಕೆಲಸಗಳು ಕಾಣುತ್ತವೆ. ಪಂಚಗಿರಿಯ ಸುತ್ತಲಿನ ಜಲಾನಯನದಲ್ಲಿ ಹೊಸ ಕಲ್ಲುಕ್ವಾರಿ, ಹೊಸ ಲೇಔಟು, ಹೊಸ ಕೊಳವೆಬಾವಿಗಳಿಗೆ ಮಿತಿ ಹಾಕುವ ಕಾನೂನು ಬರಬೇಕು. ಆ ಮಿತಿಯನ್ನು ತಮಿಳುನಾಡು, ಆಂಧ್ರಗಳ ಜೊತೆ ಕೂತು ಬರೆಯಬೇಕು. 1892ರ ಕಾಗದದಲ್ಲಿ ಇಲ್ಲದೆ ಹೋದದ್ದು ಅದೇ. ಎರಡನೆಯದು ನಮ್ಮ ಜೇಬಿಗೆ ತಟ್ಟುವಂಥದ್ದು. ಹೆಬ್ಬಾಳ–ನಾಗವಾರ ಕಣಿವೆಯಿಂದ ಮೇಲಕ್ಕೆ ಹೋಗುವ ನೀರು ಮೂರನೆಯ ಹಂತದ ಶುದ್ಧೀಕರಣವಾಗಿಯೇ ಹೋಗಬೇಕು, ಕೆಳಕ್ಕೆ ರಾಜಕಾಲುವೆಯಲ್ಲಿ ಹೋಗುವ ನೀರೂ ಹಾಗೆಯೇ. ಅದರ ಖರ್ಚನ್ನು ಚಿಕ್ಕಬಳ್ಳಾಪುರದ ರೈತರೂ ಹೊಸೂರಿನ ಜನರೂ ಕೊಡಬೇಕಾಗಿಲ್ಲ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ನಮ್ಮ ತಿಂಗಳ ನೀರಿನ ಬಿಲ್ಲಿಗೇ ಸೇರಿಸಲಿ, ಬೇಸರಿಸದೆ ಕಟ್ಟೋಣ.